ಬಾಗಿಲಾಚೆ ನಿಂತವನ ಫೋನು

"ನಿನ್ನ ವೆಬ್‌ಸೈಟು ನಿನ್ನ ತಲೆ ಥರಾನೇ ಕಣೋ. ನೋಡೋಕೆ ಅಗಲ, ಒಳಗೆ ಏನೂ ಇಲ್ಲ," ಎಂದು ಬೀಗ ರಿಪೇರಿಯವನು ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿದ.

"ಭಾವ, ಮಾತು ನೆಟ್ಟಗಿರಲಿ. ನನ್ನ ಅಂಗಡಿ ಕಂಪ್ಯೂಟರಲ್ಲಿ ಬಂದು ನೋಡಿ, ರಾಜನ ಥರ ಇದೆ," ಎಂದ ಹೆಂಡತಿಯ ತಮ್ಮ.

"ಸರ್ಚ್ ಮಾಡಿದ್ರೆ ಊರಲ್ಲಿರೋ ಬೀಗದೋರೆಲ್ಲ ಮುಗಿದ ಮೇಲೆ ಬರುತ್ತೆ ನಿನ್ನ ರಾಜನ ಸವಾರಿ."

ತಮ್ಮನದು ಬ್ಯಾನರ್ ಮುದ್ರಿಸುವ ಅಂಗಡಿ. ಭಾವನಿಗೆ ವೆಬ್‌ಸೈಟ್ ಮಾಡಿಕೊಟ್ಟಾಗಲೂ ಅವನು ಮಾಡಿದ್ದು ಬ್ಯಾನರನ್ನೇ. ಅಡ್ಡಡ್ಡಕ್ಕೆ ಒಂದೇ ದೊಡ್ಡ ಚಿತ್ರ, ನಡುವೆ ಬಂಗಾರದ ಬಣ್ಣದ ಬೀಗದ ಕೈ, ಅದರ ಹಲ್ಲುಗಳ ಸಂದಿಯಲ್ಲಿ ಬಳ್ಳಿ ಸುತ್ತಿದ ಫೋನ್ ನಂಬರು, ಕೆಳಗೆ ಭಾವನ ಹಳೇ ಫೋಟೋಗಳು. ಮೊದಮೊದಲು ಜನ ಅದನ್ನು ನೋಡಿ ಕರೆಯುತ್ತಿದ್ದರು. ಬರಬರುತ್ತ ಫೋನು ಮೂಕವಾಯಿತು. ಈಗ ಭಾವ ಹಟ ಹಿಡಿದಿದ್ದ: ಬರುವ ತಿಂಗಳು ಅಂಗಡಿ ಮುಚ್ಚಿ ಹಾರ್ಡ್‌ವೇರಿನವನ ಬಳಿ ಕೆಲಸಕ್ಕೆ ಸೇರುವುದು, ದಿನವಿಡೀ ಕೂತು ಡಬ್ಬಿಯಲ್ಲಿ ಬರುವ ಬೀಗ ಮಾರುವುದು.

ಅಕ್ಕನ ಸಂಕಟ ಅದೇ. ಬಾಗಿಲಿಗೆ ಕಿವಿಯಿಟ್ಟು ಬೀಗದ ಒಳಗಿನ ಮಾತು ಕೇಳುವ ಗಂಡಸು ಅವನು. ಡಬ್ಬಿಗಳ ನಡುವೆ ಕೂರಿಸಿದರೆ ಒಣಗಿ ಕಡ್ಡಿಯಾಗುತ್ತಾನೆ. ಇಬ್ಬರೂ ದನಿ ಏರಿಸುತ್ತಿದ್ದಂತೆ ಅವಳ ಪಿತ್ತ ನೆತ್ತಿಗೇರಿತು. ತಮ್ಮನ ತೋಳು ಹಿಡಿದು ಹೊರಗೆ ಮೆಟ್ಟಿಲ ಬಳಿ ನಿಲ್ಲಿಸಿ ಬಾಗಿಲು ಎಳೆದುಕೊಂಡಳು. ಎಳೆದರೆ ತಾನೇ ಬೀಳುವ ಬೀಗ ಅದು.

"ಅಕ್ಕಾ, ನನ್ನ ಸ್ಕೂಟರ್ ಕೀ ಒಳಗಿದೆ."

"ಇರಲಿ. ನೀನೀಗ ಯಾರೋ ಬೀಗದ ಕೈ ಕಳಕೊಂಡೋನು. ಭಾವನ ನಂಬರು ಗೊತ್ತಿಲ್ಲ. ಫೋನಲ್ಲಿ ಹುಡುಕಿ ಕರೆಸು, ಬಂದು ತೆಗೀತಾರೆ."

"ಇದೇನು ಹುಚ್ಚಾಟ?"

"ಮನೆ ಹೊರಗೆ ಸಿಕ್ಕಿಹಾಕಿಕೊಂಡೋನು ಕಂಪ್ಯೂಟರ್ ಬೆನ್ನ ಮೇಲೆ ಹೊತ್ಕೊಂಡಿರ್ತಾನೇನೋ, ಪೆದ್ದಾ?"

ಅಕ್ಕ ಬಾಗಿಲಿಗೆ ಕಿವಿಯಿಟ್ಟಳು. ಗಂಡನ ಫೋನು ಮೇಜಿನ ಮೇಲೆ ಕಲ್ಲಿನಂತೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ತಮ್ಮ ಗೊಣಗುವುದು ಕೇಳಿಸಿತು. "ಸಿಕ್ತು. ಅಯ್ಯೋ, ಇರುವೆ ಸಾಲಿನ ಥರ ಕಾಣ್ತಿದೆ." ಆಮೇಲೆ, "ದೊಡ್ಡದು ಮಾಡಿದ್ರೆ ನಂಬರು ಆಚೆ ಓಡುತ್ತೆ." ಆಮೇಲೆ, "ಒತ್ತಿದ್ರೂ ಹೋಗ್ತಿಲ್ಲವಲ್ಲ ಇದು, ಬರೀ ಚಿತ್ರ." ಕೊನೆಗೆ ಬೇಸತ್ತ ದನಿಯಲ್ಲಿ ಯಾರಿಗೋ ವಿಳಾಸ ಹೇಳಿದ. ಮೇಜಿನ ಮೇಲಿನ ಫೋನು ಅಲ್ಲಾಡಲಿಲ್ಲ.

ಇನ್ನೊಂದು ಲೋಟ ಟೀ ಮುಗಿಯುವಷ್ಟರಲ್ಲಿ ಮೆಟ್ಟಿಲ ಮೇಲೆ ಸಿಳ್ಳೆ ಕೇಳಿಸಿತು, ಬೀಗದೊಳಗೆ ಕಡ್ಡಿ ಆಡುವ ಸದ್ದಾಯಿತು. ಗಂಡ ತಲೆಯೆತ್ತಿದ. ಎದ್ದು ಬಂದ. ತಿಂಗಳುಗಳಿಂದ ಇಲ್ಲದ ಕಳೆ ಮುಖದ ಮೇಲೆ.

"ಸಿಳ್ಳೆ ಬಂದಿದ್ದಾನೆ," ಎಂದ ಮೆಲ್ಲಗೆ. ಅವನ ಕೈಕೆಳಗೆ ಕೆಲಸ ಕಲಿತು ಬೇರೆ ಅಂಗಡಿ ಇಟ್ಟವನು ಸಿಳ್ಳೆ. ಗಂಡ ಒಂದಷ್ಟು ಹೊತ್ತು ಕೇಳಿಸಿಕೊಂಡ, ತಡೆಯಲಾಗಲಿಲ್ಲ. "ಲೋ, ಬಲ ಹಾಕ್ಬೇಡ. ಹಿಂದಿನ ಪಿನ್ನು ಇನ್ನೂ ಎದ್ದಿಲ್ಲ, ಅದನ್ನ ಎತ್ತು."

ಸಿಳ್ಳೆ ನಿಂತಿತು. ಬಾಗಿಲು ತೆರೆಯಿತು.

"ಗುರುಗಳೇ, ಊರಿನ ಬೀಗವೆಲ್ಲ ತೆಗೆಯೋ ನೀವು ನಿಮ್ಮನೆಗೆ ನನ್ನ ಕರೆಸೋದಾ?"

"ನಾನಲ್ಲಪ್ಪ, ಈ ಬ್ಯಾನರ್ರು ಕರೆಸಿದ್ದು."

ಸಿಳ್ಳೆ ತನ್ನ ಪುಟ ತೋರಿಸಿದ. ಬೋಳು ಬಿಳಿ. ಮೇಲೆ ಹೆಬ್ಬೆರಳಗಲದ ನಂಬರು, ಕೆಳಗೆ ಎರಡು ಸಾಲು, ಅಷ್ಟೇ.

"ಇದೂ ಒಂದು ವೆಬ್‌ಸೈಟಾ? ನೋಟಿಸ್ ಅಂಟಿಸಿದ ಹಾಗಿದೆ," ಎಂದ ತಮ್ಮ.

"ಇರಲಿ ಸ್ವಾಮಿ. ನೀವು ಒತ್ತಿದ್ದು ಇದನ್ನೇ ತಾನೇ? ನಂದೂ ಮುಂಚೆ ಹಿಂದೇನೇ ಬಿದ್ದಿತ್ತು. ಮಗಳು ಹೇಳಿದ್ಲು, ಸರ್ಚಿನೋರು ಈಗ ನಮ್ಮ ಪುಟಾನ ಫೋನಲ್ಲಿ ಹೆಂಗೆ ಕಾಣುತ್ತೆ ಅಂತಾನೇ ನೋಡ್ತಾರಂತೆ. ಫೋನಿಗೆ ಹೊಂದದ್ದನ್ನ ಹಿಂದಕ್ಕೆ ತಳ್ತಾರಂತೆ. ಚಿತ್ರದೊಳಗಿನ ಅಕ್ಷರ ಅವರಿಗೂ ಸರಿಯಾಗಿ ಓದೋಕಾಗಲ್ವಂತೆ."

ಸಿಳ್ಳೆ ಹೋದ ಮೇಲೆ ತಮ್ಮ ಅಲ್ಲೇ ಊಟದ ಮೇಜಿನ ಬಳಿ ಕೂತು ಪುಟ ತಿದ್ದತೊಡಗಿದ. ಬಂಗಾರದ ಬೀಗದ ಕೈಯನ್ನು ಅಳಿಸುವಾಗ ಮುಖ ಕಿವುಚಿದ. ಅಕ್ಕ ಒಂದು ಕೈಯಲ್ಲಿ ತರಕಾರಿ ಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತು, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಫೋನಿನ ಪುಟ ಒತ್ತಿ ನೋಡಿದಳು.

"ತಡವಾಗಿ ಬಿಚ್ಚಿಕೊಳ್ತಿದೆ. ಹೊರಗೆ ನಿಂತೋನಿಗೆ ಅಷ್ಟು ತಾಳ್ಮೆ ಇರಲ್ಲ. ಆ ಹಳೇ ಫೋಟೋಗಳನ್ನೂ ತೆಗಿ."

"ಭಾವನ ಫೋಟೋ ಅಕ್ಕ ಅದು."

"ತೆಗಿ. ಅವರ ಮೂತಿ ನೋಡಿ ಬೀಗ ತೆಗೆಸಬೇಕಾ ಯಾರಾದ್ರೂ?"

ಪುಟ ಕೂಡಲೇ ಮೇಲೆ ಬರಲಿಲ್ಲ. ಸಿಳ್ಳೆಯ ಪುಟದ ಕೆಳಗೆ ಬಂದು ನಿಲ್ಲಲಿಕ್ಕೇ ವಾರಗಳು ಹಿಡಿದವು. ಅಕ್ಕ ದಿನಾ ಹುಡುಕಿ ನೋಡುತ್ತಿದ್ದಳು, ಗಂಡ ನೋಡದವನಂತೆ ಬಗ್ಗಿ ನೋಡುತ್ತಿದ್ದ. ಹಾರ್ಡ್‌ವೇರಿನವನಿಗೆ ಕೊಟ್ಟ ಮಾತು ಮಾತ್ರ ಹಾಗೇ ಇತ್ತು.

ಹೇಳಿದ ದಿನ ಬಂತು. ಗಂಡ ಇಸ್ತ್ರಿ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತಿದ್ದ. ತಮ್ಮ ತಲೆ ತಗ್ಗಿಸಿ ಸೋಫಾದಲ್ಲಿ ಕೂತಿದ್ದ. ಮೇಜಿನ ಮೇಲೆ ಫೋನು ಗುನುಗಿತು.

"ಹೇಳಿ. ಮಗು ಒಳಗಿದೆಯಾ? ಅಳ್ತಿದೆಯಾ, ಆಡ್ತಿದೆಯಾ? ಆಡ್ತಿದ್ರೆ ಸರಿ, ನೀವು ಬಾಗಿಲು ಒದೀಬೇಡಿ, ಬಂದೆ."

ಇಸ್ತ್ರಿ ಅಂಗಿಯಲ್ಲೇ ಸಾಮಾನಿನ ಚೀಲ ಹೆಗಲಿಗೇರಿಸಿ ಓಡಿದ. ಚಪ್ಪಲಿ ಅದಲುಬದಲಾದದ್ದೂ ಗೊತ್ತಾಗಲಿಲ್ಲ.

ಅರ್ಧ ಗಂಟೆಗೆ ಬರುವನೆಂದು ತಟ್ಟೆ ಹಾಕಿದರು. ಬರಲಿಲ್ಲ. ಮಗುವಿನ ಮನೆಯಿಂದ ಇನ್ಯಾರದೋ ಲಾಕಾದ ಕಾರಿನ ಬಳಿ ಹೋದನೆಂದು ತಿಳಿಯಿತು, ಆಮೇಲೆ ಅದೂ ತಿಳಿಯಲಿಲ್ಲ. ತಮ್ಮ ತನ್ನ ಊಟ ಮುಗಿಸಿ ಭಾವನ ತಟ್ಟೆಗೂ ಕೈ ಹಾಕಿದ.

ಹಾರ್ಡ್‌ವೇರಿನವನು ಅಕ್ಕನಿಗೆ ಫೋನು ಮಾಡಿದ. "ಏನಮ್ಮಾ, ಯಜಮಾನ್ರು ಎಲ್ಲಿ? ಬರ್ತೀನಿ ಅಂದಿದ್ರು."

"ಹೊರಗೆ ಹೋದ್ರು."

"ಯಾವಾಗ ಬರ್ತಾರೆ?"

ಅಕ್ಕ ಕಿಟಕಿಯಿಂದ ಬೀದಿಯ ಎರಡೂ ಕೊನೆ ನೋಡಿದಳು. ಸುಳಿವಿರಲಿಲ್ಲ.

"ನಂಗೊತ್ತಿಲ್ಲಪ್ಪ. ನಿಮ್ಮ ಕಡೆಗಂತೂ ಬರಲ್ಲ," ಎಂದು ಫೋನಿಟ್ಟು, ತಮ್ಮನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.