ನೆಲ್ಲಿಕಾಯಿ ತಿಂದು ಕೊಂಡ ಸೇಬು

ಹಣ್ಣಿನ ವ್ಯಾಪಾರಕ್ಕೆ ಹೋಗುವವರು ಬಾಯಿ ಕಾಯ್ದುಕೊಳ್ಳಬೇಕು. ನನ್ನ ಗಂಡ ಅಬ್ದುಲ್ ರಜಾಕ್ ಬಸವಕಲ್ಯಾಣದಲ್ಲಿ ಅರ್ಧ ಆಯುಷ್ಯ ಹಣ್ಣು ಮಾರಿದರೂ ಇದನ್ನು ಕಲಿಯಲಿಲ್ಲ. ಬಸ್ಸಿನಲ್ಲಿ ಕೂತರೆ ಹೊಟ್ಟೆ ತೊಳಸುತ್ತದೆಂದು ಜೇಬಿನಲ್ಲಿ ಉಪ್ಪು ಹಚ್ಚಿದ ನೆಲ್ಲಿಕಾಯಿ ಇಟ್ಟುಕೊಳ್ಳುತ್ತಾರೆ. ಆ ದಿನವೂ ಹುಮನಾಬಾದಿನ ಹಣ್ಣಿನ ಸಂತೆಯವರೆಗೆ ಅದನ್ನೇ ಅಗಿಯುತ್ತ ಹೋಗಿ, ಅದೇ ಬಾಯಲ್ಲಿ ಸೇಬು ಕಚ್ಚಿ, ಸಕ್ಕರೆಯಂತಿದೆ ಎಂದು ಎರಡು ಪೆಟ್ಟಿಗೆ ಹೊತ್ತು ತಂದರು. ನೆಲ್ಲಿಕಾಯಿ ತಿಂದ ಬಾಯಿಗೆ ನೀರೂ ಸಿಹಿ ಎನ್ನುವುದು ಮಕ್ಕಳಿಗೂ ಗೊತ್ತು.

ಮನೆಯಲ್ಲಿ ನಾನೊಂದು ಕಚ್ಚಿದೆ. ಹಲ್ಲು ಜುಮ್ಮೆಂದಿತು. ಸಣ್ಣ ಹಣ್ಣು, ಹಸಿರು ಮೈ, ತೊಟ್ಟಿನ ಸುತ್ತ ಒರಟು ಕಂದು ಸಿಪ್ಪೆ, ಕಲ್ಲಿನಷ್ಟು ಗಟ್ಟಿ. ಗುಡ್ಡಗಾಡಿನ ಹಳೆಯ ತೋಟದ ಜಾತಿ, ಈಗ ಯಾರೂ ಇದರ ಸಸಿ ಹಚ್ಚುವುದಿಲ್ಲ ಎಂದು ದಲಾಲ ಹೇಳಿದ್ದನಂತೆ. ಯಾಕೆ ಹಚ್ಚುವುದಿಲ್ಲ ಎಂದು ಈ ಮನುಷ್ಯ ಕೇಳಬಾರದಿತ್ತೇ? ಗಿರಾಕಿಗಳು ಕೆಂಪಗೆ ಹೊಳೆಯುವ ಸೇಬನ್ನೇ ಒಯ್ದರು, ಇದನ್ನು ಮೂಸಿಯೂ ನೋಡಲಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ.

ನಿಜ ಹೇಳಬೇಕೆಂದರೆ ನನ್ನ ಸಿಟ್ಟು ಸೇಬಿನ ಮೇಲಿನದಲ್ಲ. ಒಳಗೆ ಸೊಸೆ ಮೆಹರೀನ್ ಮಲಗಿದ್ದಳು. ಮೂರನೇ ತಿಂಗಳು. ಹೋದ ಸಲದ ಬಸಿರು ನಿಲ್ಲಲಿಲ್ಲ. ಈ ಸಲ ನೀರು ಕುಡಿದರೂ ವಾಂತಿ. ಹೀಗೇ ಇದ್ದರೆ ನಾಳೆ ದವಾಖಾನೆಗೆ ಸೇರಿಸಿ ಸಲೈನ್ ಹಚ್ಚಬೇಕು ಎಂದಿದ್ದರು ಡಾಕ್ಟರಮ್ಮ. ನಿಂಬೆ ಗಂಟಲು ಸುಡುತ್ತಿತ್ತು, ಹುಣಸೆ ಒಗ್ಗಲಿಲ್ಲ. ಮಾಗಿದ ಹಣ್ಣಿನ ವಾಸನೆ ಬಂದರೆ ಸಾಕು, ಓಢಣಿಯನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು. ಹಣ್ಣು ಮಾರುವ ಮನೆಯಲ್ಲಿ ಬಸುರಿ ಸೊಸೆ ಉಪವಾಸ. ನನಗೆ ದಿಕ್ಕೇ ತೋಚುತ್ತಿರಲಿಲ್ಲ.

ಸಂಜೆ ಆ ಸೇಬುಗಳನ್ನು ಪೆಟ್ಟಿಗೆಯ ಹುಲ್ಲಿನಿಂದ ಬಿಡಿಸುತ್ತ ಕೂತಿದ್ದೆ. ಮೆಹರೀನ್ ಗೋಡೆ ಹಿಡಿದು ಬಂದು, ಒಂದನ್ನು ಎತ್ತಿ ಮೂಸಿ, ಇದರ ವಾಸನೆಗೆ ಹೊಟ್ಟೆ ತೊಳಸುತ್ತಿಲ್ಲ ಎಂದಳು. ತೆಳ್ಳಗೆ ಹೆಚ್ಚಿ ಉಪ್ಪು ಸವರಿ ಕೊಟ್ಟೆ. ಕರಕರ ಎಂದು ಒಂದು ಹೋಳು ತಿಂದಳು. ನಾನು ಬಕೆಟ್ಟು ಹಿಡಿದು ಕಾದೆ. ಏನೂ ಆಗಲಿಲ್ಲ. ಇನ್ನೊಂದು ಹೋಳು ಕೇಳಿದಳು. ಊಟದ ಹೊತ್ತಿಗೆ ಎರಡು ಚಮಚ ಗಂಜಿಯೂ ಹೊಟ್ಟೆಯಲ್ಲಿ ಉಳಿಯಿತು. ಮರುದಿನ ಡಾಕ್ಟರಮ್ಮ ನಾಡಿ ನೋಡಿ, ಸದ್ಯಕ್ಕೆ ಸಲೈನ್ ಬೇಡ, ಇದನ್ನೇ ಸ್ವಲ್ಪ ಸ್ವಲ್ಪ ಕೊಡುತ್ತಿರಿ ಎಂದರು.

ಎರಡು ದಿನ ಕಳೆದು ನಮ್ಮವರು ಕುಣಿಯುತ್ತ ಬಂದರು. ಉಪ್ಪಿನಕಾಯಿ ಹಾಕಿ ಮಾರುವ ಭೀಮಬಾಯಿ ಹುಳಿ ಸೇಬೆಲ್ಲ ತನಗೇ ಬೇಕು ಎಂದಿದ್ದಾಳಂತೆ. ಇನ್ನು ಬೈಗುಳ ತಪ್ಪಿತೆಂಬ ಖುಷಿ ಅವರ ಮುಖದಲ್ಲಿತ್ತು.

"ಒಂದೂ ಕೊಡಾಂಗಿಲ್ರಿ," ಎಂದೆ.

ಮದುವೆಯಾದಾಗಿನಿಂದ ಆಡದ ಮಾತು ಆಗ ನನ್ನ ಬಾಯಿಂದ ಬಂತು.

"ನೆಲ್ಲಿಕಾಯಿ ತಿಂದು ಕೆಟ್ಟ ನಿಮ್ಮ ನಾಲಿಗಿ ನಮ್ಮ ಮನಿ ಉಳಿಸ್ಯಾದ್ರಿ. ಅಲ್ಲಾ ನಿಮ್ಮನ್ನ ಚಲೋ ಇಡಲಿ."

ಜ್ವರ ಬಂದಿದೆಯೇ ಎಂದು ಅವರು ನನ್ನ ಹಣೆ ಮುಟ್ಟಿ ನೋಡುತ್ತಿದ್ದಾಗ ಒಳಗಿನಿಂದ ಮೆಹರೀನ್ ಕರೆದಳು.

"ಅಮ್ಮಿ, ಹಸಿವಿ ಆಗಾಕತ್ತದ. ರೊಟ್ಟಿ ಅದನ್ರಿ?"

ರೊಟ್ಟಿ ಇರಲಿಲ್ಲ. ಒಲೆಯ ಮುಂದೆ ಕೂತು ಕಡ್ಡಿ ಗೀರಿದರೆ ಅವಸರಕ್ಕೆ ಮುರಿಯಿತು, ಇನ್ನೊಂದು ಗೀರಿದರೂ ಅಷ್ಟೇ. ಅವರು ಕಡ್ಡಿಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಒಲೆ ಹಚ್ಚಿದರು.