ಸುಲ್ತಾನಿಯ ಮೊದಲ ತುತ್ತು

ಸುಲ್ತಾನಿ ಬೆಕ್ಕು ಮೀನಿನ ತುಂಡಿಗೆ ಬಾಯಿ ಹಾಕಿದ್ದೇ ತಡ, ಚೀರಿ ಹಿಂದಕ್ಕೆ ಹಾರಿತು. ಮುಂಗಾಲಿನಿಂದ ಮೂತಿಗೆ ರಪರಪನೆ ಹೊಡೆದುಕೊಂಡು, ನೆಲದ ಮೇಲಿದ್ದ ಚೂರನ್ನು ನೋಡಿ ಬುಸುಗುಟ್ಟಿ, ಹಿತ್ತಲ ಗೋಡೆ ಹತ್ತಿ ಮಾಯವಾಯಿತು. ಬಿ ಮೀಝೆ ಬಾಯಿಗೆ ಒಯ್ಯುತ್ತಿದ್ದ ತುತ್ತು ಅರ್ಧದಲ್ಲೇ ನಿಂತಿತು.

"ಯಾಕತ್ತೆ, ಉಪ್ಪು ಜಾಸ್ತಿ ಆಯ್ತಾ?" ಎಂದಳು ಸೊಸೆ ಅಶೂರಾ, ಸೌಟು ಹಿಡಿದುಕೊಂಡೇ.

"ಇಲ್ಲ ಬಿಡು. ಹಸಿವಿಲ್ಲ."

ಹಸಿವೇನೋ ಇತ್ತು. ತೆಂಗಿನ ಹಾಲಿನಲ್ಲಿ ಬೆಂದ ಅನ್ನದ ಘಮ ಬೇರೆ ಮೂಗಿಗೆ ಬಡಿಯುತ್ತಿತ್ತು. ಆದರೆ ಆ ಮನೆಯಲ್ಲಿ ಮೊದಲ ತುತ್ತು ಬೆಕ್ಕಿನದು. ಬಿ ಮೀಝೆಯ ಗಂಡ ಕಡಲಿಗೆ ಹೋಗುತ್ತಿದ್ದವನು. ಬೆಕ್ಕು ಹಸಿದಿರುವ ಮನೆಯಿಂದ ದೋಣಿ ಹತ್ತಬಾರದು ಎಂದು ನಂಬಿದ್ದವನು. ಅವನು ಹೋದ ಮೇಲೂ ಅವಳು ಆ ರೂಢಿ ಬಿಟ್ಟಿರಲಿಲ್ಲ. ಇಷ್ಟು ವರ್ಷದಲ್ಲಿ ಯಾವ ಬೆಕ್ಕೂ ಆ ತುತ್ತನ್ನು ಬೇಡವೆಂದದ್ದಿಲ್ಲ.

ಕೈತೊಳೆದು ಅವಳು ನೇರ ಹೋದದ್ದು ಪಕ್ಕದ ಮನೆಯ ಕಿಡಾವಾಳ ಜಗಲಿಗೆ. ಕಿಡಾವಾ ಬೆಳಿಗ್ಗೆ ಮಂದಾಝಿ ಕರಿದು ಮಾರುತ್ತಾಳೆ, ಉಳಿದ ಹೊತ್ತೆಲ್ಲ ಪಂಗಾನಿ ಊರಿನ ಸುದ್ದಿ ಹಂಚುತ್ತಾಳೆ. ಮಂದಾಝಿಯಾದರೂ ಒಮ್ಮೊಮ್ಮೆ ಮುಗಿದುಹೋಗುವುದುಂಟು, ಸುದ್ದಿ ಮುಗಿದದ್ದನ್ನು ನಾವ್ಯಾರೂ ಕಂಡಿಲ್ಲ.

"ಬೆಕ್ಕು ತಿನ್ನಲಿಲ್ವಾ?" ಎಂದು ಕಿಡಾವಾ ದನಿ ತಗ್ಗಿಸಿದಳು. "ಅಕ್ಕಾ, ಹೇಳ್ಬಾರ್ದು ಅಂತ ಸುಮ್ನಿದ್ದೆ. ಮೊನ್ನೆ ನಿನ್ ಮಗ ಹಿತ್ತಲಲ್ಲಿ ಕೂತು ತೆಂಗಿನಕಾಯಿ ತುರೀತಿದ್ದ. ನನ್ ಕಣ್ಣಾರೆ ನೋಡ್ದೆ."

"ಶೊಮಾರಿನಾ?"

"ಇನ್ಯಾರು. ಗಂಡಸು, ತುರಿಮಣೆ ಮೇಲೆ. ಅವರಪ್ಪ, ಪಾಪ, ತುರಿಮಣೆ ಎಲ್ಲಿಟ್ಟಿರ್ತಾರೆ ಅಂತಾನೂ ಗೊತ್ತಿಲ್ದೆ ಸತ್ರು. ಇದು ಮದ್ದೇ ಅಕ್ಕಾ. ಮನುಷ್ಯರ ಮೂಗಿಗೆ ಗೊತ್ತಾಗಲ್ಲ, ಬೆಕ್ಕಿಗೆ ಗೊತ್ತಾಗುತ್ತೆ. ಆ ಬೆಟ್ಟದ ಕಡೆ ಹೆಂಗಸರು ಮದ್ದು ಹಾಕೋದ್ರಲ್ಲಿ ಎತ್ತಿದ ಕೈ."

ಮಗ ಹೆಂಡತಿಗೆ ಕಾಯಿ ತುರಿದುಕೊಟ್ಟರೆ ಅದು ಮದ್ದು. ಅದೇ ಅಳಿಯ ಮಗಳಿಗೆ ತುರಿದುಕೊಟ್ಟರೆ ನಮ್ಮ ಓಣಿಯಲ್ಲಿ ಅದಕ್ಕೆ ಒಳ್ಳೆಯತನ ಎನ್ನುತ್ತಾರೆ. ಕಿಡಾವಾಳ ಅಳಿಯ ತುರಿಯುವುದಷ್ಟೇ ಅಲ್ಲ, ಬಟ್ಟೆಯನ್ನೂ ಒಗೆಯುತ್ತಾನೆ. ಆದರೆ ಅದನ್ನು ಅವಳ ಮುಂದೆ ಹೇಳುವ ಎದೆ ಯಾರಿಗಿದೆ?

ಅಶೂರಾ ಲುಶೋಟೋ ಬೆಟ್ಟದವಳು. ಜೋಳದ ಮುದ್ದೆ, ಹುರುಳಿ ತಿಂದು ಬೆಳೆದವಳಿಗೆ ಮೀನೆಂದರೆ ಹೆದರಿಕೆ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಮೀನನ್ನು ಬಿಡಿಸಿ, ಬೆರಳಲ್ಲಿ ಹಿಸುಕಿ ಹಿಸುಕಿ, ಒಂದೊಂದೇ ಮುಳ್ಳು ತೆಗೆಯುವುದನ್ನು ನೋಡಲು ಅಕ್ಕಪಕ್ಕದವರು ನೆಪ ಮಾಡಿಕೊಂಡು ಬರುತ್ತಿದ್ದರು. "ನಿನ್ ಸೊಸೆ ಮೀನಿಗೆ ಹೇನು ನೋಡ್ತಿದಾಳೆ" ಎಂದು ನಗುತ್ತಿದ್ದರು. ಈಗಲೂ ಅವಳು ಹಾಗೇ. ಅವಳು ಬಡಿಸಿದ ಮೀನಿನಲ್ಲಿ ಹುಡುಕಿದರೂ ಮುಳ್ಳು ಸಿಗುತ್ತಿರಲಿಲ್ಲ. ಅತ್ತೆ ಗುಟ್ಟಾಗಿ ಬೆಕ್ಕಿಗೆ ಮೀನಿನ ತಲೆ ಹಾಕುವುದನ್ನು ಕಂಡಾಗಲೆಲ್ಲ "ಮುಳ್ಳಿರುತ್ತಲ್ಲ ಅತ್ತೆ" ಎಂದು ಗೊಣಗುತ್ತಿದ್ದಳು. "ಕಡಲ ತೀರದ ಬೆಕ್ಕಮ್ಮ ಇದು, ನಿಮ್ಮೂರಿನದಲ್ಲ" ಎಂದು ಬಿ ಮೀಝೆ ಬಾಯಿ ಮುಚ್ಚಿಸುತ್ತಿದ್ದಳು.

ಮರುದಿನದಿಂದ ಬಿ ಮೀಝೆಗೆ ಕಂಡದ್ದೆಲ್ಲ ಬೇರೆಯಾಗಿ ಕಂಡಿತು. ಸೊಸೆ ಒಲೆಯ ಕಡೆ ತಿರುಗಿ ಕೂತರೆ ಇತ್ತ ಬೆನ್ನು ಯಾಕೆ? ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದಾಳಲ್ಲ, ಅದರಲ್ಲೇನು? ಅವಳು ಮೀಯಲು ಹೋದಾಗ ಬಿಚ್ಚಿ ನೋಡಿದಳು. ಏಲಕ್ಕಿ. ಏಲಕ್ಕಿಯನ್ನು ಡಬ್ಬಿಯಲ್ಲಿಡದೆ ಗಂಟು ಕಟ್ಟಿಕೊಳ್ಳುವವಳು ಇನ್ನೇನನ್ನು ಎಲ್ಲೆಲ್ಲಿ ಕಟ್ಟಿರಬಹುದು ಎಂಬ ಹೊಸ ಅನುಮಾನ ಹುಟ್ಟಿಕೊಂಡಿತು.

ಸುಲ್ತಾನಿಯ ಚಾಳಿಯೂ ಕೆಟ್ಟಿತು. ತಟ್ಟೆಯ ಸದ್ದಿಗೆ ಆಸೆಯಿಂದ ಓಡಿಬರುವುದು, ಬಾಯಿ ಹಾಕುವುದು, ಚೀರಿ ಓಡುವುದು. ಕೆನ್ನೆ ಸವರಲು ಬಂದ ಅಶೂರಾಳ ಕೈಯನ್ನು ಒಮ್ಮೆ ರಕ್ತ ಬರುವಂತೆ ಪರಚಿತು. ಮಲಗಿದ ಚಾಪೆಯ ಮೇಲೆಲ್ಲ ಜೊಲ್ಲು. ವಿಷದ ನೊರೆ ಎಂದುಕೊಂಡ ಬಿ ಮೀಝೆ ಚಾಪೆಯನ್ನೇ ಸುಟ್ಟುಹಾಕಿದಳು.

"ಯಾಕೋ ನನ್ ಕಂಡ್ರೆ ಆಗ್ತಿಲ್ಲ ಇದಕ್ಕೆ" ಎಂದು ಅಶೂರಾ ಗಾಯಕ್ಕೆ ಅರಿಸಿನ ಒತ್ತಿಕೊಂಡಳು.

"ಅದಕ್ಕೆಲ್ಲಾ ಗೊತ್ತು."

"ಏನು ಗೊತ್ತು ಅತ್ತೆ?"

ಬಿ ಮೀಝೆ ಎದ್ದು ಜಗಲಿಗೆ ಹೋಗಿ ಕೂತಳು. ಅಷ್ಟು ಹೊತ್ತಿಗೆ ಅವಳು ಮನೆಯ ಊಟವನ್ನೇ ಬಿಟ್ಟಿದ್ದಳು. ಕಿಡಾವಾಳ ಮಂದಾಝಿ ಮತ್ತು ಚಹಾದಲ್ಲಿ ದಿನ ತಳ್ಳುತ್ತಿದ್ದಳು. ಬಳೆ ಮೊಣಕೈವರೆಗೆ ಜಾರತೊಡಗಿತ್ತು.

ನದಿ ದಾಟಿಸುವ ದೋಣಿಯ ಕೆಲಸ ಮುಗಿಸಿ ಬಂದ ಶೊಮಾರಿ ಒಂದು ಸಂಜೆ ತಾಯಿಯ ಕೈ ಹಿಡಿದು ನೋಡಿದ. "ಏನಮ್ಮಾ ಇದು, ಹಿಂಗೆ ಒಣಗಿದೀಯಾ?"

"ನಿನ್ ಹೆಂಡ್ತಿ ಅಡಿಗೇಲಿ ಮದ್ದಿದೆ. ಬೆಕ್ಕು ಮುಟ್ತಿಲ್ಲ. ನೀನು ಮಾತ್ರ ತಿಂದ್ಕೊಂಡು ತೆಂಗಿನಕಾಯಿ ತುರೀತಾ ಕೂತಿದೀಯಾ."

ಶೊಮಾರಿ ಮೊದಲು ನಕ್ಕ. ತಾಯಿ ನಗದಿದ್ದುದನ್ನು ಕಂಡು ಅವನ ನಗೆಯೂ ಇಳಿಯಿತು. "ಅವಳ ಕೈ ಸುಟ್ಟಿತ್ತಮ್ಮಾ. ಅದಕ್ಕೆ ತುರಿದುಕೊಟ್ಟೆ."

"ಅವಳಿದ್ರೆ ನಾನಿರಲ್ಲ. ಅವಳ ಸೋದರಮಾವನಿಗೆ ಹೇಳಿ ಕಳಿಸು. ಬಂದು ಕರ್ಕೊಂಡು ಹೋಗ್ಲಿ."

ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತುಹೋಯಿತು. ಶೊಮಾರಿ ಆ ಕಡೆ ನೋಡಿದ, ತಾಯಿಯನ್ನು ನೋಡಿದ, ಕೊನೆಗೆ ತಲೆ ತಗ್ಗಿಸಿದ. ಒಳ್ಳೆಯ ಹುಡುಗ, ಆದರೆ ತಲೆ ತಗ್ಗಿಸುವ ಒಳ್ಳೆಯತನ ಹೆಂಡತಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಸೋದರಮಾವ ಬಂದು ಕರೆದೊಯ್ದ ಹೆಣ್ಣು ಮರಳಿ ಬಂದದ್ದನ್ನು ನಾವು ಕಂಡದ್ದು ಕಡಿಮೆ. ಅಶೂರಾಳಿಗೂ ಅದು ಗೊತ್ತಿತ್ತು. ಅವಳು ತನ್ನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿ ಬಾಗಿಲ ಮೂಲೆಯಲ್ಲಿಟ್ಟಳು.

ಶುಕ್ರವಾರದ ನಮಾಜಿನ ಹೊತ್ತಿಗೆ ಅಶೂರಾಳ ಸೋದರಮಾವ ಶೆಮ್ವೇಟಾ ಬರುವುದೆಂದಾಯಿತು. ಬಿ ಮೀಝೆ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದಳು. ಎಲ್ಲರೆದುರಿಗೆ ಎರಡು ತುತ್ತು ಇಡುವುದು, ಒಂದು ಸೊಸೆ ಮಾಡಿದ್ದು, ಒಂದು ತಾನು ಮಾಡಿದ್ದು. ಯಾವುದನ್ನು ತಿನ್ನಬೇಕೆಂದು ಸುಲ್ತಾನಿಯೇ ಹೇಳಲಿ.

ಆ ಶುಕ್ರವಾರ ಬೆಳಿಗ್ಗೆ ತಾನೇ ದಡಕ್ಕೆ ಹೋಗಿ ಚಾಂಗು ಮೀನು ತಂದಳು. ಮನೆಯ ಪಾತ್ರೆ ಮುಟ್ಟದೆ ಕಿಡಾವಾಳ ಮಡಕೆ, ಕಿಡಾವಾಳ ಇದ್ದಿಲ ಒಲೆ ತಂದು ಹಿತ್ತಲಲ್ಲಿ ಬೇಯಿಸಿದಳು. ಮೊದಲು ಒಮ್ಮೆ ನೋಡಿಬಿಡೋಣವೆಂದು ಒಂದು ಚೂರು ಆರಿಸಿ ಸುಲ್ತಾನಿಯ ಮುಂದಿಟ್ಟಳು. ಅದು ಓಡಿಬಂದಿತು. ಬಾಯಿ ಹಾಕಿತು. ಚೀರಿತು. ಅವಳನ್ನೇ ನೋಡಿ ಬುಸುಗುಟ್ಟಿ, ಹಿಡಿಯಲು ಚಾಚಿದ ಕೈಯನ್ನು ಉದ್ದಕ್ಕೆ ಪರಚಿತು.

ಬಿ ಮೀಝೆ ಹಾಗೇ ಕೂತಳು. ಇದಕ್ಕೂ ಸೊಸೆ ಏನೋ ಹಾಕಿದ್ದಾಳೆ ಎಂದೇ ಮೊದಲು ಅನಿಸಿತು. ಯಾವಾಗ? ಮೀನು ತನ್ನದು, ಮಡಕೆ ಕಿಡಾವಾಳದು. ಹಾಗಾದರೆ ಕಿಡಾವಾ? ಆ ಯೋಚನೆ ಬಂದಾಗ ಮಾತ್ರ ಅವಳಿಗೆ ತನ್ನ ತಲೆಯ ಬಗ್ಗೆಯೇ ಭಯವಾಯಿತು.

ಹೊದ್ದ ಕಾಂಗಾ ಬಟ್ಟೆ ಎಸೆದು ಸುಲ್ತಾನಿಯನ್ನು ಹಿಡಿದು, ಮಗುವಿನಂತೆ ಬಿಗಿಯಾಗಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಳು. ಎಷ್ಟು ಹಗುರವಾಗಿಹೋಗಿತ್ತು ಅದು. ದವಡೆ ಅಗಲಿಸಿದಾಗ ಕೊಳೆತ ವಾಸನೆ ಮುಖಕ್ಕೆ ಹೊಡೆಯಿತು. ಅಂಗುಳಿಗೆ ಅಡ್ಡಲಾಗಿ, ಈ ಹಲ್ಲಿನಿಂದ ಆ ಹಲ್ಲಿಗೆ ಒಂದು ಮುಳ್ಳು ಸಿಕ್ಕಿಕೊಂಡಿತ್ತು. ಸುತ್ತ ಕೆಂಪಾಗಿ ಊದಿ ಕೀವು ಕಟ್ಟಿತ್ತು. ಉಗುರಿನಿಂದ ಮೀಟಿದಳು. ಬೆಕ್ಕು ಒದ್ದಾಡಿತು, ಇವಳು ಅತ್ತಳು, ಮುಳ್ಳು ಬಂತು. ದಪ್ಪನೆಯ, ಬಾಗಿದ ಮುಳ್ಳು, ಮೀನಿನ ತಲೆಯದು. ಆ ಮನೆಯಲ್ಲಿ ಬೆಕ್ಕಿಗೆ ತಲೆ ಹಾಕುತ್ತಿದ್ದ ಕೈ ಒಂದೇ.

ಮಧ್ಯಾಹ್ನ ಶೆಮ್ವೇಟಾ ಜಗಲಿಯಲ್ಲಿ ಬಂದು ಕೂತಾಗ ಬಿ ಮೀಝೆ ಅಂಗೈ ಚಾಚಿ ಅದನ್ನು ತೋರಿಸಿದಳು. "ಇದಿತ್ತು ಬೆಕ್ಕಿನ ಬಾಯಲ್ಲಿ. ನಾನೇ ಹಾಕಿದ್ದು. ಹುಡುಗಿ ತಪ್ಪೇನಿಲ್ಲ. ನಿಮ್ಮನ್ನ ಸುಮ್ನೆ ಕರೆಸಿದ ಹಾಗಾಯ್ತು."

ಮುದುಕ ಮುಳ್ಳನ್ನು ಬೆಳಕಿಗೆ ಹಿಡಿದು ನೋಡಿದ. "ಈ ಮುಳ್ಳಿಗೋಸ್ಕರ ನಾನು ಬೆಟ್ಟ ಇಳಿದು ಬಂದ್ನಾ? ಆ ಬಸ್ಸಲ್ಲಿ ನನ್ ಸೊಂಟಾನೇ ಮುರೀತು" ಎಂದು ಗಹಗಹಿಸಿ ನಕ್ಕ. ಶೊಮಾರಿಯೂ ನಕ್ಕ. ಸುದ್ದಿ ಕೇಳಲೆಂದೇ ಬಂದಿದ್ದ ಕಿಡಾವಾ ಎಲ್ಲರಿಗಿಂತ ಜೋರಾಗಿ ನಕ್ಕು, "ನಾನು ಅವತ್ತೇ ಅಂದ್ಕೊಂಡೆ, ಹಲ್ಲಿಗೇನೋ ಆಗಿದೆ ಅಂತ" ಎಂದಳು.

ಗಂಡಸರಿಗೆ ಹೊರಗೆ ಬಡಿಸಿ, ಹೆಂಗಸರು ಒಳಗೆ ಚಾಪೆಯ ಮೇಲೆ ಕೂತರು. ಅಶೂರಾ ಏಳಹೋದಳು. "ಕೂತ್ಕೋ ಮಗಳೇ, ಇವತ್ತು ನಾನು ಬಡಿಸ್ತೀನಿ" ಎಂದು ಬಿ ಮೀಝೆ ಅವಳ ಭುಜ ಅದುಮಿದಳು. ಮಗಳೇ ಎಂದು ಅವಳು ಕರೆದದ್ದು ಅದೇ ಮೊದಲು. ಬೆಳಿಗ್ಗೆ ತಾನು ಬೇಯಿಸಿದ್ದ ಮೀನಿನಲ್ಲಿ ದೊಡ್ಡ ತುಂಡನ್ನೇ ಆರಿಸಿ, ಮುಳ್ಳು ಬಿಡಿಸಿ, ಸೊಸೆಯ ಕಡೆ ಇಟ್ಟಳು. ಬಾಗಿಲ ಮೂಲೆಯ ಚೀಲ ಇನ್ನೂ ಅಲ್ಲೇ ಇತ್ತು.

"ತಿನ್ನು."

ಅಶೂರಾ ಮೀನಿನ ಒಂದು ಚೂರು ಮುರಿದಳು. ಬೆರಳ ನಡುವೆ ಹಿಸುಕಿ ನೋಡಿದಳು. ಪರಚಿದ ಗಾಯ ಒಣಗುತ್ತಿದ್ದ ಅದೇ ಕೈಯಿಂದ ಆ ಚೂರನ್ನು ನೆಲದ ಮೇಲಿಟ್ಟು, "ಸುಲ್ತಾನಿ" ಎಂದು ಮೆಲ್ಲಗೆ ಕರೆದಳು. ಆಮೇಲೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತೆಯ ಮುಖವನ್ನೇ ನೋಡುತ್ತ ಕೂತಳು.

ಕಿಡಾವಾಳ ನಗು ನಿಂತಿತು. ಹೊರಗೆ ಗಂಡಸರು ಇನ್ನೂ ಮುಳ್ಳಿನ ಮಾತಾಡುತ್ತಿದ್ದರು. ಬೆಕ್ಕಿನ ಬಾಯೊಳಗಿನ ಗಾಯ ಇನ್ನೂ ಹಸಿಯಾಗಿದೆ, ಅದು ಮತ್ತೆ ಚೀರಿ ಓಡಬಹುದು ಎಂದು ಬಿ ಮೀಝೆಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದವಳು ಹೇಳದೆ ಮುಚ್ಚಿಕೊಂಡಳು. ಬಾಗಿಲ ಬಳಿಯಿಂದ ಸುಲ್ತಾನಿ ಎದ್ದು ಬಂದು ಚೂರಿನ ಎದುರು ನಿಂತಿತು, ಮೂಸಿತು, ಒಮ್ಮೆ ತುಟಿ ನೆಕ್ಕಿಕೊಂಡಿತು.