ಬಣ್ಣ ಹಚ್ಚುವ ಮೊದಲಿನ ಮುಖ

ಚಹಾದ ಮೇಲೆ ಕೆನೆ ಕಟ್ಟುತ್ತಿದೆ, ಅದರ ಸುಕ್ಕಿನಲ್ಲಿ ಟ್ರೀಸಾಳಿಗೆ ಅಪ್ಪನ, ಅವಳ ಅಪ್ಪಚ್ಚನ ಹಣೆ ಕಾಣುತ್ತದೆ, ಕಾಣೆಯಾದವರ ಚಾಳಿಯೇ ಇದು, ಕಾಣಬೇಕಾದ ಕಡೆ ಬಿಟ್ಟು ಎಲ್ಲೆಲ್ಲೋ ಕಾಣಿಸುವುದು — ಇಗರ್ಜಿಯಿಂದ ಮನೆಗೆ ಹೊರಟವರು ಬರಲೇ ಇಲ್ಲ, ದಾರಿ ಮರೆತಿದ್ದರು, ಅಮ್ಮ ಸತ್ತದ್ದನ್ನೂ ಮರೆತಿದ್ದರು, ಮಗಳ ಹೆಸರೊಂದು ಮಾತ್ರ ನಾಲಿಗೆಗೆ ಅಂಟಿಕೊಂಡಿತ್ತು, ಪೋಸ್ಟರಾದರೆ ಮಳೆ ನೆಕ್ಕಿಬಿಡುತ್ತದೆ ಎಂದು ಇವಳು ಕಾಣೆಯಾದವರಿಗೆಲ್ಲ ಒಂದು ವೆಬ್‌ಸೈಟನ್ನೇ ಕಟ್ಟಿದಳು, ಇಡೀ ಸೈಟಿಗೆ ಒಂದೇ ಪುಟ, ಯಾರ ಹೆಸರು ಒತ್ತಿದರೂ ಅದೇ ಪುಟ ಬ್ರೌಸರಿನೊಳಗೆ ಬಣ್ಣ ಹಚ್ಚಿಕೊಂಡು ಅವರ ವೇಷದಲ್ಲಿ ಬರುತ್ತದೆ, ಕಾಕ್ಕನಾಡಿನ ಅವಳ ಸಾಫ್ಟ್‌ವೇರ್ ಆಫೀಸೆಲ್ಲ ಶಭಾಷ್ ಅಂದಿತ್ತು, ಪಕ್ಕದ ಕುರ್ಚಿಯಲ್ಲಿ ಕೂತು ಇವಳನ್ನು ಅಕ್ಕ ಎನ್ನುವ ನೌಫಲ್ ಮಾತ್ರ ಮೂಗು ಮುರಿದಿದ್ದ, ಚೇಚೀ, ವೇಷ ಕಟ್ಟೋ ತನಕ ಸರ್ಚಿನ ಜೇಡ, ಸೈಟಿಂದ ಸೈಟಿಗೆ ಹರಿದಾಡಿ ಓದೋ ಆ ಪ್ರೋಗ್ರಾಮು, ಕಾಯಲ್ಲ, ಬಣ್ಣ ಹಚ್ಚೋ ಚೌಕಿಮನೇಲಿ ಏನು ಕಂಡ್ತೋ ಅದನ್ನೇ ಬರ್ಕೊಂಡು ಹೋಗಿ ಲೋಕಕ್ಕೆಲ್ಲ ಹೇಳತ್ತೆ ಅಂದಿದ್ದ, ಖಾಲಿ ಚೌಕಟ್ಟು ತಾನೇ, ಹೇಳಿಕೊಳ್ಳಲಿ ಬಿಡೋ ಎಂದು ಇವಳು ನಕ್ಕಿದ್ದಳು — ಖಾಲಿ ಇರಲಿಲ್ಲ. ಕಟ್ಟುವಾಗ ಅಳತೆ ನೋಡಲು ಅಲ್ಲೊಂದು ಮುಖ ಬೇಕಿತ್ತು, ತನ್ನ ಐಡಿ ಕಾರ್ಡಿನ ಫೋಟೋವನ್ನೇ ಅಂಟಿಸಿದ್ದಳು, ಎಡಗಣ್ಣು ಅರೆಮುಚ್ಚಿದ ಆ ನಗು, ತನ್ನ ಹೆಸರು, ತನ್ನ ನಂಬರು, ಕೆಳಗೆ ಕಾಣೆಯಾಗಿದ್ದಾಳೆ ಎಂಬ ಸಾಲು, ಈ ಕಸುಬಿನವರೆಲ್ಲ ಮಾಡುವುದೇ, ಆಮೇಲೆ ತೆಗೆಯಲು ಮರೆಯುವುದೂ. ಈಗಷ್ಟೇ ಬಂದ ಫೋನು ಇನ್ನೂ ಕಿವಿಯಲ್ಲಿ ಬೆಚ್ಚಗಿದೆ, ಪಾಲಕ್ಕಾಡಿನ ಕಡೆಯ ಯಾವನೋ ಚಹಾದಂಗಡಿಯವನು, ಟ್ರೀಸಾ ಅಲ್ವಾ ಮೋಳೆ, ಮಗಳೇ, ನೀವು ಕಾಣೆಯಾಗಿದ್ದೀರಂತೆ, ಇಲ್ಲೇ ಕೂತಿದ್ದೀನಲ್ಲ ಚೇಟ್ಟಾ ಎಂದಳು ಇವಳು, ಅಣ್ಣನನ್ನು ಕರೆದಂತೆ, ಹಾಗಂದ್ರೆ ಹೇಗೆ ಎಂದ ಅವನು, ಇದ್ರಲ್ಲಿ ಹಾಗೇ ಇದೆ, ಬೆಳಿಗ್ಗೆ ಒಬ್ರು ಅಜ್ಜ ಬಂದು ಟ್ರೀಸಾ ಟ್ರೀಸಾ ಅಂತಿದ್ರು, ಪಾಪ ಅಂತ ಫೋನಲ್ಲಿ ಹುಡುಕಿದೆ, ನಿಮ್ಮ ಮುಖ ಬಂತು, ಮುಟ್ಟಿದ ಬಾಳೆಹಣ್ಣಿನ ಪಳಂಪೊರಿ ಅಲ್ಲೇ ಬಿಟ್ರು, ಗಾಜಿನ ಮೇಲೆ ನಿಮ್ಮ ಕೆನ್ನೆ ಸವರಿದ್ರು, ಈಗೆಲ್ಲಿದ್ದಾರೆ, ಕೊಡಿ ಅವರಿಗೆ ಕೊಡಿ ಎಂದಳು ಇವಳು, ಇಲ್ಲ ಮೋಳೆ, ನಾನು ಹಾಲು ಇಳಿಸಿ ತಿರುಗೋದ್ರೊಳಗೆ ಯಾವ್ದೋ ಬಸ್ ಹತ್ತಿಬಿಟ್ರು, ಮಗಳನ್ನ ಹುಡುಕೋಕೆ ಹೋಗ್ತೀನಿ ಅಂತಿದ್ರು. ಸರ್ಚಿನಲ್ಲಿ ಹುಡುಕುತ್ತಾಳೆ, ಅಪ್ಪಚ್ಚನ ಹೆಸರು ಔಸೇಪ್ಪಚ್ಚನ್ ಎಂದು ಒತ್ತಿದರೆ ಅವಳದೇ ನಗು, ಸೈಟಿಗೆ ಸೇರಿಸಿದ್ದ, ತೋಡಿನ ನೀರಲ್ಲಿ ಕೊಚ್ಚಿಹೋದ ಹುಡುಗಿಯ ಹೆಸರಿಗೂ, ದೋಣಿಯೊಂದಿಗೆ ಹೋದ ಮೀನುಗಾರನಿಗೂ ಅರೆಮುಚ್ಚಿದ ಅದೇ ಎಡಗಣ್ಣು, ಕಾಣೆಯಾದವರೆಲ್ಲರೂ ಅವಳೇ, ಚೌಕಟ್ಟಿನಿಂದ ಫೋಟೋ ಕಿತ್ತುಹಾಕುತ್ತಾಳೆ, ಹೆಸರು ಅಳಿಸುತ್ತಾಳೆ, ಮತ್ತೆ ಹುಡುಕುತ್ತಾಳೆ, ಅದೇ ಮುಖ ನಗುತ್ತಿದೆ, ನೌಫಲ್ ಹಿಂದೆ ಬಂದು ನಿಂತಿದ್ದಾನೆ, ಈ ಸಲ ಅಣಕವಿಲ್ಲ, ಜೇಡ ಇನ್ನೊಂದ್ಸಲ ಬರೋ ತನಕ ಅಲ್ಲಿ ಹಳೇದೇ ಇರತ್ತೆ ಚೇಚೀ, ಯಾವಾಗ ಬರತ್ತೋ ಎಂದು ಇವಳು ಕೇಳುತ್ತಾಳೆ, ಅದು ಬರೋದು ಅದರಿಷ್ಟ ಅನ್ನುತ್ತಾನೆ — ಯಾವ ಬಸ್ಸು, ತ್ರಿಶ್ಶೂರಿಗೋ, ಗಡಿ ದಾಟಿ ಕೊಯಮತ್ತೂರಿಗೋ, ಇವಳ ಕಣ್ಣಿಗೆ ಕಟ್ಟುತ್ತದೆ, ಅಪ್ಪಚ್ಚನ್ ಇಳಿದಲ್ಲೆಲ್ಲ ಯಾರದೋ ತೋಳು ಹಿಡಿಯುತ್ತಾರೆ, ಟ್ರೀಸಾ ಅನ್ನುತ್ತಾರೆ, ಯಾರೋ ಪಾಪ ಅಂತ ಫೋನು ತೆಗೆಯುತ್ತಾರೆ, ಅಪ್ಪಚ್ಚನ ಹೆಬ್ಬೆರಳು ಗಾಜಿನ ಮೇಲೆ, ಕೆನ್ನೆಯ ಮೇಲೆ, ಮುಂದಿನ ಬಸ್ಸು, ಮುಂದಿನ ಊರು, ನಾನಿಲ್ಲಿದ್ದೀನಿ ಅಪ್ಪಚ್ಚಾ, ಕಿಟಕಿಯ ಗಾಜಿನಲ್ಲಿ ಅವಳ ಮುಖ ಇರಬೇಕಾದಲ್ಲಿ ಬರೀ ಮಧ್ಯಾಹ್ನದ ಬಿಳುಪು, ಪರದೆಯಲ್ಲಿ ಮಾತ್ರ ಆ ನಗು, ಅರೆಮುಚ್ಚಿದ ಎಡಗಣ್ಣು, ಕೆಳಗೆ ಕಾಣೆಯಾಗಿದ್ದಾಳೆ, ಅರೆಮುಚ್ಚಿದ ಎಡಗಣ್ಣು —